ಪುಸ್ತಕವೋ, ಪರದೆಯೋ?

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ಬರೆಯುವ ವಿದ್ಯೆ, ಎಂದರೆ ಪ್ರೋಗ್ರಾಮಿಂಗ್, ಇಂದು ಎಂಜಿನಿಯರುಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಪ್ರೌಢಶಾಲೆಯ ಮಕ್ಕಳೂ ಅದನ್ನು ಕಲಿಯಲು ಹಂಬಲಿಸುತ್ತಿದ್ದಾರೆ. ಅಂತರಜಾಲದ ಪಾಠಮಾಲೆಗಳಿಂದ ಕಲಿಯಬೇಕೋ, ಪುಸ್ತಕವನ್ನಿಟ್ಟುಕೊಂಡು ಸ್ವಾಧ್ಯಾಯದಿಂದ ಕಲಿಯಬೇಕೋ ಎಂಬ ಪ್ರಶ್ನೆ ಉಪಾಧ್ಯಾಯರನ್ನೂ ಶಾಲೆಗೆ ನೆರವಾಗುವ ದಾನಿಗಳನ್ನೂ ಸಮಾನವಾಗಿ ಕಾಡುತ್ತಿದೆ.

ಪಾಠಮಾಲೆಗಳ ಉಪಕಾರ ದೊಡ್ಡದೆಂಬುದು ನಿರ್ವಿವಾದ. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಉಪನ್ಯಾಸಗಳನ್ನು ಹಳ್ಳಿಯ ವಿದ್ಯಾರ್ಥಿಯೂ ಶುಲ್ಕವಿಲ್ಲದೆ ಕೇಳಬಹುದು. ಅರ್ಥವಾಗದ ಮಾತನ್ನು ಹತ್ತು ಸಲ ಕೇಳಿದರೂ ಪರದೆಯ ಗುರು ಬೇಸರಿಸುವುದಿಲ್ಲ. ಬರೆದ ಉತ್ತರದ ತಪ್ಪು ಒಪ್ಪುಗಳನ್ನು ಆ ಕ್ಷಣದಲ್ಲೇ ತಿಳಿಸುವ ಪಾಠಮಾಲೆಗಳೂ ಉಂಟು. ಪುಸ್ತಕದಲ್ಲಿ ಈ ಸೌಕರ್ಯವಿಲ್ಲ.

ಆದರೆ ಸೇರುವುದು ಸುಲಭವಾದಷ್ಟೂ ಬಿಡುವುದು ಸುಲಭ. 2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಜಗತ್ತಿಗೆ ಉಚಿತವಾಗಿ ತೆರೆದರು. ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಕೊನೆಮುಟ್ಟಿದವರು ಸುಮಾರು 23,000 ಮಾತ್ರ. ಕೊಂಡ ಪುಸ್ತಕಗಳೆಲ್ಲವನ್ನೂ ಓದಿ ಮುಗಿಸಿದ್ದೇವೆಂದು ನಮ್ಮಲ್ಲಿಯೂ ಯಾರೂ ಹೇಳಲಾರರು. ಆದುದರಿಂದ ಈ ಲೆಕ್ಕವೊಂದರಿಂದಲೇ ತೀರ್ಪು ಕೊಡುವುದು ನ್ಯಾಯವಲ್ಲ.

ವಿಚಾರಿಸಬೇಕಾದುದು ಬೇರೆಯಿದೆ. ಸಿ ಭಾಷೆಯಲ್ಲಿ ಐದು ಸ್ಥಾನಗಳ ಸಾಲೊಂದನ್ನು ರಚಿಸಿದರೆ ಅದರ ಎಣಿಕೆ 0ಯಿಂದ 4ರವರೆಗೆ ನಡೆಯುತ್ತದೆ. ಹೊಸಬನು 1ರಿಂದ 5ರವರೆಗೆ ಎಣಿಸುತ್ತಾನೆ. ಹೀಗೆ ಎಲ್ಲೆ ಮೀರಿದುದನ್ನು ಯಂತ್ರ ಅನೇಕ ವೇಳೆ ಹೇಳುವುದೇ ಇಲ್ಲ. ಉತ್ತರ ಮಾತ್ರ ಕೆಡುತ್ತದೆ. ಪರದೆಯ ಗುರು ಸರಾಗವಾಗಿ ಸರಿಯಾದುದನ್ನೇ ಬರೆಯುವುದನ್ನು ಕಂಡವನಿಗೆ ತನಗೂ ತಿಳಿಯಿತೆಂಬ ಭ್ರಮೆ ಹುಟ್ಟುತ್ತದೆ. ತಾನೇ ಬರೆದು, ತಪ್ಪಿ, ಕಾಗದದ ಮೇಲೆ ಒಂದೊಂದೇ ಹೆಜ್ಜೆಯನ್ನು ಗುರುತು ಹಾಕಿದವನಿಗೆ ತಪ್ಪಿನ ಮೂಲ ಸಿಗುತ್ತದೆ. ದಡದಲ್ಲಿ ನಿಂತು ನೋಡಿದವರಿಗೆ ಈಜು ಬಂದುದುಂಟೆ?

ಬ್ರಿಯಾನ್ ಕರ್ನಿಗನ್ ಮತ್ತು ಡೆನಿಸ್ ರಿಚಿ ಅವರ ಸಿ ಭಾಷೆಯ ಗ್ರಂಥ 1978ರಲ್ಲಿ ಪ್ರಕಟವಾಯಿತು. 1988ರ ಎರಡನೆಯ ಆವೃತ್ತಿ 272 ಪುಟಗಳದು. ವಿವರಣೆಯ ಬೆನ್ನಿಗೇ ಅಭ್ಯಾಸಗಳಿವೆ. ಅವುಗಳಿಗೆ ಉತ್ತರಗಳನ್ನು ಕೊಟ್ಟಿಲ್ಲ. ಓದುಗನು ಹೆಣಗಲೇಬೇಕು, ಆ ಹೆಣಗಾಟದಲ್ಲಿಯೇ ವಿದ್ಯೆ ಸ್ವಂತವಾಗುತ್ತದೆ. ಆದಾಗ್ಯೂ ಈ ಗ್ರಂಥ ಓದುಗನಿಗೆ ಕ್ರಮವಿಧಿಯ ಪ್ರಾಥಮಿಕ ಪರಿಚಯವಿದೆಯೆಂದು ಭಾವಿಸಿಯೇ ಹೊರಡುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಅದರ ಇಂಗ್ಲಿಷೂ ಇನ್ನೊಂದು ಮೆಟ್ಟಿಲು. ಇಂಥ ಗ್ರಂಥವನ್ನು ಮೊದಲ ದಿನವೇ ಅವನ ಕೈಗಿತ್ತು ಏಕಾಂಗಿಯಾಗಿ ಬಿಡುವುದು ಹಿತವಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ನಾಣ್ಣುಡಿ ಇಲ್ಲಿಯೂ ಸಲ್ಲುತ್ತದೆ. ಬಾಗಿಲು ತೆರೆಯಲು ಪಾಠಮಾಲೆ, ಒಳಗೆ ನೆಲೆಯೂರಲು ಪುಸ್ತಕ: ಇದು ನನ್ನ ಅಭಿಪ್ರಾಯ. ಇವೆರಡರ ನಡುವೆ ಉಪಾಧ್ಯಾಯರ ಸ್ಥಾನ ಅಳಿದಿಲ್ಲ. ಶಿಷ್ಯನು ಎಲ್ಲಿ ತೊಡಕಿಕೊಂಡನೆಂಬುದನ್ನು ಅವನ ಮುಖ ನೋಡಿ ಅರಿಯುವವರು ಅವರೇ.

ಆದಕಾರಣ ದಾನಿಗಳಲ್ಲಿ ಒಂದು ವಿನಂತಿ. ಗಣಕಗಳ ಸಂಖ್ಯೆಯನ್ನು ಹೆಚ್ಚಿಸುವುದರ ಜೊತೆಗೆ, ಒಂದೇ ಉತ್ತಮ ಗ್ರಂಥದ ಹತ್ತಾರು ಪ್ರತಿಗಳನ್ನು ಗ್ರಂಥಭಂಡಾರಕ್ಕೆ ಒದಗಿಸಿರಿ. ಸಿ ಭಾಷೆಯ ಅಭ್ಯಾಸಕ್ಕೆ ಹಳೆಯ ಗಣಕವೂ ಸಾಕು, ಅಂತರಜಾಲವಿಲ್ಲದೆಯೂ ನಡೆಯುತ್ತದೆ. ಹಿರಿಯ ವಿದ್ಯಾರ್ಥಿಗಳಲ್ಲಿ ಈ ವೃತ್ತಿಯಲ್ಲಿರುವವರು ವಾರಕ್ಕೊಂದು ಸಂಜೆಯನ್ನು ಕಿರಿಯರಿಗಾಗಿ ಮೀಸಲಿಟ್ಟರೆ, ಅದು ಹಣದಿಂದ ಕೊಳ್ಳಲಾಗದ ದಾನವಾದೀತು.