ಆಟವೂ ಅಪವಾದವೂ

ಧಾರವಾಡ ಸೀಮೆಯ ಜಾತ್ರೆಗಳಲ್ಲಿ ನಡೆಯುವ ಕುಸ್ತಿಯನ್ನು ನೂರಾರು ಕಣ್ಣುಗಳು ನೋಡುತ್ತವೆ. ಅಲ್ಲಿ ಮೋಸಕ್ಕೂ ಸುಳ್ಳು ದೂರಿಗೂ ಎಡೆ ಕಡಿಮೆ. ಇಂದು ನವಲಗುಂದ, ಕುಂದಗೋಳಗಳ ಹಳ್ಳಿಯ ತರುಣರೂ ಮೊಬೈಲಿನಲ್ಲಿ ಆಡುವ ಗುಂಡಿನ ಕಾಳಗದ ಆಟಗಳಲ್ಲಿ ಹಾಗಲ್ಲ. ಎದುರಾಳಿಯ ಕೈಗಳು ಕಾಣುವುದಿಲ್ಲ. ಗುರಿಯನ್ನು ತಾನೇ ಹಿಡಿದುಕೊಡುವ ಕಳ್ಳ ತಂತ್ರಾಂಶದಿಂದ ಗೆದ್ದವನಾರು, ಅಭ್ಯಾಸಬಲದಿಂದ ಗೆದ್ದವನಾರು ಎಂದು ತಿಳಿಯುವುದು ಕಠಿಣ.

2018ರಲ್ಲಿ ಶಾಂಘೈ ನಗರದ ಪಂದ್ಯಾವಳಿಯಲ್ಲಿ ಭಾರತದ ಆಟಗಾರನೊಬ್ಬನು ಇಂತಹ ತಂತ್ರಾಂಶದೊಡನೆ ಸಿಕ್ಕಿಬಿದ್ದನು. ಅದರ ಫಲವಾಗಿ ಅವನ ಇಡೀ ತಂಡವೇ ವಿಸರ್ಜನೆಗೊಂಡಿತು. ಆದರೆ ದೂರುಗಳೆಲ್ಲವೂ ನಿಜವಾಗಿರುವುದಿಲ್ಲ. 2016ರಲ್ಲಿ ದಕ್ಷಿಣ ಕೊರಿಯದ ಗೆಗುರಿ ಎಂಬ ಹದಿಹರೆಯದ ಆಟಗಾರ್ತಿಯ ಮೇಲೆ ಇದೇ ಆರೋಪ ಬಂದಿತು. ಆಕೆಯ ಗುರಿ ಅತಿ ನಿಖರವಾಗಿದ್ದುದೇ ಸಂಶಯಕ್ಕೆ ಕಾರಣ. ಆಟದ ಸಂಸ್ಥೆಯು ಆಕೆಯನ್ನು ನಿರ್ದೋಷಿಯೆಂದಿತು. ಆದರೂ ಆಕೆ ಕ್ಯಾಮೆರಾದ ಮುಂದೆ ತನ್ನ ಕೈಚಳಕವನ್ನು ಎಲ್ಲರಿಗೂ ತೋರಿಸಬೇಕಾಯಿತು.

ಮೋಸಗಾರನು ಗೆಲುವನ್ನು ಕದಿಯುತ್ತಾನೆ. ಸುಳ್ಳು ದೂರುವವನು ಮಾನವನ್ನೇ ಕದಿಯುತ್ತಾನೆ. ಸಂಶಯ ಬಂದಾಗ ಆಟದ ಮೇಲ್ವಿಚಾರಕರಿಗೆ ತಿಳಿಸಿ ವಿಚಾರಣೆಗೆ ಕಾಯುವುದು ನ್ಯಾಯ. ಆಧಾರವಿಲ್ಲದೆ ಹತ್ತು ಜನರ ಮುಂದೆ ಒಬ್ಬರನ್ನು ಕಳ್ಳರೆನ್ನುವುದು ಸಲ್ಲದು. ಸೋತಾಗಲೂ ಎದುರಾಳಿಯ ಸಾಮರ್ಥ್ಯವನ್ನು ಒಪ್ಪಿಕೊಳ್ಳುವುದೇ ನಿಜವಾದ ಕ್ರೀಡಾಧರ್ಮ.