ಬೇಡ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ?

"ದುಡ್ಡು ನನ್ನದು, ಜೀವ ನನ್ನದು, ಜೊತೆಗೆ ಗೈಡ್ ಬೇರೆ ಇರುತ್ತಾರೆ. ಇನ್ನು ಯಾರನ್ನು ಕೇಳಬೇಕು?" ಇಂಡೊನೇಷ್ಯಾದ ರಿಂಜಾನಿ ಜ್ವಾಲಾಮುಖಿಗೆ ಮೂರು ದಿನದ ಚಾರಣ ಗೊತ್ತುಮಾಡಿಕೊಳ್ಳುತ್ತಿದ್ದ ಬೆಂಗಳೂರಿನ ಯುವಕರೊಬ್ಬರು ಹೇಳಿದ ಮಾತಿದು. ಹೀಗೆ ಹೇಳುವವರು ಅವರೊಬ್ಬರೇ ಅಲ್ಲ. ಬಾಲಿಗೆ ಬೆಂಗಳೂರಿನಿಂದ ನೇರ ವಿಮಾನ ಬಂದ ಮೇಲೆ ಬಾತೂರ್, ಬ್ರೊಮೊ, ರಿಂಜಾನಿಗಳ ಹೆಸರು ನಮ್ಮ ಚಾರಣಿಗರ ಬಾಯಲ್ಲಿ ಕುಮಾರಪರ್ವತ, ಕುದುರೆಮುಖಗಳಷ್ಟೇ ಸಲೀಸಾಗಿ ಬರುತ್ತಿದೆ. ಆ ಉತ್ಸಾಹದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಮಾತು ಪೂರ್ತಿ ತಪ್ಪು ಎಂದೇ ನನ್ನ ವಾದ. ಉರಿಯುವ ಬೆಟ್ಟದ ಮೇಲೆ ಅಪಾಯವೆಂಬುದು ಒಬ್ಬರ ಸ್ವಂತ ಸ್ವತ್ತಾಗಿ ಉಳಿಯುವುದಿಲ್ಲ. ಗೈಡ್ ಜೊತೆಗಿದ್ದರೆ ಅಪಾಯ ಕಡಿಮೆಯಾಗಬಹುದು, ಆಗದೆಯೂ ಇರಬಹುದು. ಅದರಲ್ಲಿ ಇನ್ನೊಬ್ಬರು ಪಾಲುದಾರರಾಗುವುದಂತೂ ಖಂಡಿತ. ಆದ್ದರಿಂದ ಇಂಥ ಚಾರಣದ ಯೋಜನೆಯಲ್ಲಿ ಬೂಟು, ಟೆಂಟುಗಳ ಲೆಕ್ಕಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: "ಇವತ್ತು ಬೇಡ" ಎನ್ನುವ ಅಧಿಕಾರ ಯಾರದು, ಹಾಗೆಂದಾಗ ಆಗುವ ನಷ್ಟ ಯಾರ ತಲೆಗೆ?

ರಿಂಜಾನಿಯನ್ನೇ ನೋಡೋಣ. ಲೊಂಬೊಕ್ ದ್ವೀಪದ ಈ ಪರ್ವತದ ಎತ್ತರ 3,726 ಮೀಟರ್. ಸೆಂಬಾಲುನ್ ಹಳ್ಳಿಯ ಕಡೆಯಿಂದ ಹೊರಟವರು ಮೊದಲ ದಿನ ಸಂಜೆಗೆ ಕುಳಿಯ ಅಂಚು ತಲುಪಿ ಟೆಂಟ್ ಹಾಕುತ್ತಾರೆ. ರಾತ್ರಿ ಎರಡರ ಸುಮಾರಿಗೆ ಎದ್ದು, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಬೂದಿ, ಜಲ್ಲಿಗಳ ಇಳಿಜಾರನ್ನು ಏರುತ್ತಾರೆ. ಎರಡು ಹೆಜ್ಜೆ ಮೇಲಿಟ್ಟರೆ ಒಂದು ಹೆಜ್ಜೆ ಜಾರಿ ಕೆಳಗೆ ತರುವ ದಾರಿ ಅದು. ಸೂರ್ಯೋದಯ ನೋಡಿ, ಇಳಿದು, ಕುಳಿಯೊಳಗಿನ ಸೆಗಾರಾ ಅನಕ್ ಸರೋವರದ ದಡ ಸೇರಿ, ಮರುದಿನ ಸೆನಾರು ಕಡೆಯಿಂದ ಊರಿಗೆ ಬರುತ್ತಾರೆ. ಸರೋವರಕ್ಕೆ ತಾಗಿಕೊಂಡೇ ಬರುಜಾರಿ ಎಂಬ ಮರಿ ಜ್ವಾಲಾಮುಖಿ ಇದೆ. 2016ರ ಸೆಪ್ಟೆಂಬರಿನಲ್ಲಿ ಅದು ಬೂದಿ ಉಗುಳಿದಾಗ ನೂರಾರು ಪ್ರವಾಸಿಗರು ಬೆಟ್ಟದ ಮೇಲಿದ್ದರು. 2018ರ ಜುಲೈ 29ರಂದು 6.4 ತೀವ್ರತೆಯ ಭೂಕಂಪವಾದಾಗ ಗುಡ್ಡ ಜರಿದು ದಾರಿಗಳು ಮುಚ್ಚಿಹೋದವು, ಆಗಲೂ ನೂರಾರು ಜನ ಮೇಲೆಯೇ ಸಿಕ್ಕಿಕೊಂಡರು.

ಆ ನೂರಾರು ಜನರಲ್ಲಿ ಪ್ರವಾಸಿಗರ ಲೆಕ್ಕ ಪತ್ರಿಕೆಗಳಲ್ಲಿ ದೇಶವಾರು ಬಂತು. ಜೊತೆಗಿದ್ದ ಹೊರೆಯಾಳುಗಳ ಬಗ್ಗೆ ಬಂದದ್ದು ಕಡಿಮೆ. ರಿಂಜಾನಿಯ ಹೊರೆಯಾಳು ಹೆಗಲ ಮೇಲೆ ಬಿದಿರಿನ ಅಡ್ಡೆ ಹೊತ್ತು, ಅದರ ಎರಡು ತುದಿಗೆ ಬುಟ್ಟಿ ಕಟ್ಟಿಕೊಂಡು ಏರುತ್ತಾನೆ. ಟೆಂಟು, ನೀರು, ಅಕ್ಕಿ, ಮೊಟ್ಟೆ, ಒಲೆ, ಅತಿಥಿಗಳು ಕೂರುವ ಮಡಚುಕುರ್ಚಿ ಎಲ್ಲವೂ ಆ ಬುಟ್ಟಿಗಳಲ್ಲಿ. ಎಷ್ಟೋ ಜನರ ಕಾಲಲ್ಲಿ ರಬ್ಬರ್ ಚಪ್ಪಲಿ. ನಾವು ಅಂಗಡಿಯಲ್ಲಿ ಆರಿಸಿ ಆರಿಸಿ ತಂದ ಬೂಟುಗಳನ್ನು ಹಾಕಿಕೊಂಡು ಅವರ ಹಿಂದೆ ಹೋಗುತ್ತೇವೆ. ಕಲ್ಲು ಸಿಡಿದರೆ ನಮ್ಮ ತಲೆಗೆ ಹೆಲ್ಮೆಟ್ ಇರಬಹುದು, ಅವರ ತಲೆಗೆ? ಈ ಪ್ರಶ್ನೆ ಕೇಳದೆ ಮಾಡಿದ ಯೋಜನೆಯನ್ನು ಯೋಜನೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಗೈಡ್‌ಗೆ ಬೆಟ್ಟದ ನಾಡಿ ಗೊತ್ತಿರುತ್ತದೆ ಎಂಬ ನಂಬಿಕೆ ದೊಡ್ಡದು. ದಾರಿ, ಹವೆ, ಗಾಳಿಯ ದಿಕ್ಕು, ದಣಿದವರ ಮುಖ ಇವೆಲ್ಲ ಗೈಡ್‌ಗೆ ಗೊತ್ತಿರುತ್ತವೆ, ನಿಜ. ಬೆಟ್ಟದ ಹೊಟ್ಟೆಯೊಳಗಿನದು ಯಾರಿಗೂ ಪೂರ್ತಿ ಗೊತ್ತಿಲ್ಲ. ಕೊಲಂಬಿಯಾದ ಗಲೇರಾಸ್ ಜ್ವಾಲಾಮುಖಿಯ ಕುಳಿಗೆ 1993ರ ಜನವರಿ 14ರಂದು ಇಳಿದವರ ನಾಯಕ ಸ್ಟ್ಯಾನ್ಲಿ ವಿಲಿಯಮ್ಸ್ ಸ್ವತಃ ಜ್ವಾಲಾಮುಖಿ ವಿಜ್ಞಾನಿ. ಜೊತೆಗಿದ್ದವರಲ್ಲಿ ಹೆಚ್ಚಿನವರು ಪಕ್ಕದ ಪಾಸ್ತೊ ನಗರದ ಸಮ್ಮೇಳನಕ್ಕೆಂದು ಬಂದಿದ್ದ ವಿಜ್ಞಾನಿಗಳು. ಜಗತ್ತಿನಲ್ಲಿ ಅದಕ್ಕಿಂತ ತಿಳಿದವರ ತಂಡ ಸಿಗುವುದು ಕಷ್ಟ. ಸ್ಫೋಟ ದೊಡ್ಡದೇನಲ್ಲ. ಆದರೂ ಒಂಬತ್ತು ಜನ ಸತ್ತರು: ಆರು ವಿಜ್ಞಾನಿಗಳು, ಮೂವರು ಪ್ರವಾಸಿಗರು. ಅದಕ್ಕೂ ಮುಂಚಿನ ದಿನಗಳಲ್ಲಿ ಭೂಕಂಪಮಾಪಕದಲ್ಲಿ ಮೂಡಿದ್ದ ತಿರುಪುಮೊಳೆಯಾಕಾರದ ವಿಚಿತ್ರ ಗೆರೆಗಳ ಅರ್ಥವೇನಿತ್ತು ಎಂದು ಬಲ್ಲವರೇ ವರ್ಷಗಟ್ಟಲೆ ಜಗಳವಾಡಿದರು.

ಜಪಾನಿನ ಒಂಟಾಕೆ ಇನ್ನೂ ಕಠಿಣ ಉದಾಹರಣೆ. 2014ರ ಸೆಪ್ಟೆಂಬರ್ 27, ಶನಿವಾರ, ಎಲೆಗಳು ಕೆಂಪಾಗುವ ಕಾಲ. ಊಟದ ಹೊತ್ತಿಗೆ ಶಿಖರದ ಸುತ್ತ ಜನಸಂದಣಿ. ಎಚ್ಚರಿಕೆಯ ಮಟ್ಟ ಎಲ್ಲಕ್ಕಿಂತ ಕೆಳಗಿನ 1ರಲ್ಲೇ ಇತ್ತು. ಎರಡು ವಾರದ ಹಿಂದೆ ಸಣ್ಣ ಕಂಪನಗಳು ಹೆಚ್ಚಿ ಮತ್ತೆ ಇಳಿದಿದ್ದವು. ನೆಲದೊಳಗಿನ ನಿರಂತರ ನಡುಕ ಶುರುವಾದದ್ದು 11:41ಕ್ಕೆ, ಬೆಟ್ಟ ಸಿಡಿದದ್ದು 11:52ಕ್ಕೆ. ಮೇಲೆ ಬಂದದ್ದು ಲಾವಾ ಅಲ್ಲ. ಕಾದ ನೀರು ಒಮ್ಮೆಲೇ ಆವಿಯಾಗಿ ಬಂಡೆಯನ್ನೇ ಒಡೆದು ಎಸೆದಿತ್ತು. 58 ಜನ ಸತ್ತರು, ಐವರು ಇಂದಿಗೂ ಸಿಕ್ಕಿಲ್ಲ. ಇಂಥ ಆವಿಸ್ಫೋಟಕ್ಕೆ ಮುನ್ಸೂಚನೆ ತೀರಾ ಕಡಿಮೆ. ಅಷ್ಟೊಂದು ಉಪಕರಣಗಳಿದ್ದ ದೇಶದಲ್ಲಿ ಸಿಕ್ಕಿದ್ದು ಹನ್ನೊಂದು ನಿಮಿಷ, ಅದೂ ಉಪಕರಣ ನೋಡುತ್ತಿದ್ದವರಿಗೆ. ಶಿಖರದಲ್ಲಿ ಬುತ್ತಿ ಬಿಚ್ಚಿದ್ದವರಿಗೆ ಅದೂ ಇಲ್ಲ.

ಇವು ತಿಳಿವಿನ ಮಿತಿಯ ಕತೆಗಳು. ನನಗೆ ಸಿಟ್ಟು ತರಿಸುವುದು ತಿಳಿದೂ ಕಳಿಸಿದ ಕತೆ. ಪಶ್ಚಿಮ ಸುಮಾತ್ರಾದ ಮರಾಪಿ (ಜಾವಾದ ಮೆರಾಪಿ ಬೇರೆ) 2011ರಿಂದಲೂ ಎರಡನೇ ಹಂತದ ಎಚ್ಚರಿಕೆಯಲ್ಲಿತ್ತು. ಕುಳಿಯಿಂದ ಮೂರು ಕಿಲೋಮೀಟರ್ ಒಳಗೆ ಯಾರೂ ಹೋಗಬಾರದು ಎಂದು ಇಂಡೊನೇಷ್ಯಾದ ಜ್ವಾಲಾಮುಖಿ ಇಲಾಖೆ ಶಿಫಾರಸು ಮಾಡಿತ್ತು. ಅದೇ ಬೆಟ್ಟದ ದಾರಿಗೆ ಅದೇ ಸರ್ಕಾರದ ನಿಸರ್ಗ ಸಂರಕ್ಷಣಾ ಇಲಾಖೆ ಚಾರಣದ ಪರವಾನಗಿ ಕೊಡುತ್ತಿತ್ತು, ಆನ್‌ಲೈನ್ ಬುಕಿಂಗ್ ಸಮೇತ. 2023ರ ಡಿಸೆಂಬರ್ 3, ಭಾನುವಾರ ಮಧ್ಯಾಹ್ನ ಮರಾಪಿ ಸಿಡಿದು ಶಿಖರದ ಮೇಲೆ ಮೂರು ಕಿಲೋಮೀಟರ್ ಎತ್ತರಕ್ಕೆ ಬೂದಿ ಎದ್ದಾಗ ಬೆಟ್ಟದಲ್ಲಿ 75 ಚಾರಣಿಗರಿದ್ದರು, ಅನೇಕರು ವಿದ್ಯಾರ್ಥಿಗಳು. 24 ಜನ ಸತ್ತರು. ಪರವಾನಗಿ ಚೀಟಿ ಕೈಯಲ್ಲಿದ್ದ ಹುಡುಗ ಹುಡುಗಿಯರು ಅದನ್ನು ಸುರಕ್ಷೆಯ ಭರವಸೆ ಎಂದುಕೊಂಡಿದ್ದರೆ ತಪ್ಪು ಅವರದಲ್ಲ. ಒಂದು ಇಲಾಖೆ ಬೇಡ ಎಂದಿತು, ಅದಕ್ಕೆ ತಡೆಯುವ ಅಧಿಕಾರವಿರಲಿಲ್ಲ. ಇನ್ನೊಂದಕ್ಕೆ ಬಾಗಿಲು ಮುಚ್ಚುವ ಅಧಿಕಾರವಿತ್ತು, ಅದು ಮುಚ್ಚಲಿಲ್ಲ. ಈಗ ಇದನ್ನೇ ಒಬ್ಬ ಗೈಡ್‌ನ ಸ್ಥಾನದಲ್ಲಿ ನಿಂತು ನೋಡಿ. ಸರ್ಕಾರದ ಇಲಾಖೆಯೇ ಬೇಡ ಎಂದು ನಿಲ್ಲಿಸಲಾಗದ ಕಡೆ, ದಿನಗೂಲಿಗೆ ನಡೆಯುವ ಆಳು, ವರ್ಷದ ರಜೆಯನ್ನೆಲ್ಲ ಕೂಡಿಟ್ಟು ಸಮುದ್ರ ದಾಟಿ ಬಂದ ಗಿರಾಕಿಗೆ ಬೆಳಗಿನ ಜಾವ ಎರಡು ಗಂಟೆಗೆ "ಬೇಡ" ಎನ್ನಬೇಕು. ಹೇಳಿದರೆ ಅವನ ಕೂಲಿಗೆ ಕತ್ತರಿ, ಬಕ್ಷೀಸು ಇಲ್ಲ, ಊರಿಗೆ ಮರಳಿದ ಗಿರಾಕಿ ಬರೆಯುವ ನಾಲ್ಕು ಸಾಲಿನಿಂದ ಮುಂದಿನ ಕೆಲಸಕ್ಕೂ ಕುತ್ತು. ಈ ಸ್ಥಿತಿಯಲ್ಲಿಟ್ಟು ಅವನ ವಿವೇಕವನ್ನು ನಂಬುತ್ತೇವೆ ಎನ್ನುವುದು ಅನ್ಯಾಯ.

"ಜೀವ ನನ್ನದು" ಎಂಬುದಕ್ಕೆ ನ್ಯೂಜಿಲೆಂಡಿನ ವಾಕಾರಿ ದ್ವೀಪ ಉತ್ತರ ಹೇಳುತ್ತದೆ. 2019ರ ಡಿಸೆಂಬರ್ 9ರಂದು ಜ್ವಾಲಾಮುಖಿ ಸಿಡಿದಾಗ ಅಲ್ಲಿ 47 ಜನರಿದ್ದರು, 22 ಜನ ಸತ್ತರು, ಅವರಲ್ಲಿ ಇಬ್ಬರು ಗೈಡ್‌ಗಳು. ನಾಲ್ಕು ದಿನದ ನಂತರ, ಇನ್ನೊಮ್ಮೆ ಸಿಡಿಯುವ ಭಯ ಹಾಗೇ ಇರುವಾಗ, ಶವಗಳನ್ನು ತರಲು ಸೈನಿಕರು ಆ ದ್ವೀಪಕ್ಕೆ ಇಳಿದರು. ಸತ್ತವರು ತಮ್ಮ ದೇಹವನ್ನು ಅಲ್ಲೇ ಬಿಡಿ ಎಂದು ಬರೆದುಕೊಟ್ಟಿದ್ದರೂ ಮನೆಯವರು ಒಪ್ಪುತ್ತಿರಲಿಲ್ಲ, ಒಪ್ಪಬಾರದು ಕೂಡ. ಮನುಷ್ಯರು ಮನುಷ್ಯರನ್ನು ಹುಡುಕಿಕೊಂಡು ಹೋಗಿಯೇ ಹೋಗುತ್ತಾರೆ. ಬೆಂಗಳೂರಿನ ರಸ್ತೆ ದಾಟುವುದರಲ್ಲೂ ಅಪಾಯವಿಲ್ಲವೇ ಎನ್ನುವವರಿಗೆ ಇಷ್ಟು ಸಾಕು: ರಸ್ತೆ ದಾಟಲು ನಾವು ಯಾರನ್ನೂ ಕೂಲಿ ಕೊಟ್ಟು ಮುಂದೆ ನಡೆಸುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಬೇರೆ ಇದೆ. ಹತ್ತಿರ ಹೋದವರಿಂದಲೇ ಅಲ್ಲವೇ ನಮಗೆ ಜ್ವಾಲಾಮುಖಿಗಳು ಗೊತ್ತಾದದ್ದು? ಹೌದು. ಫ್ರಾನ್ಸಿನ ಕಾತ್ಯಾ ಮತ್ತು ಮಾರಿಸ್ ಕ್ರಾಫ್ಟ್ ದಂಪತಿ ಬದುಕಿಡೀ ಕುಳಿಗಳ ಅಂಚಿನಲ್ಲಿ ನಿಂತು ಚಿತ್ರ ತೆಗೆದರು. ಜಪಾನಿನ ಉನ್‌ಝೆನ್ ಬೆಟ್ಟದಲ್ಲಿ 1991ರ ಜೂನ್ 3ರಂದು ಬಿಸಿ ಬೂದಿ, ಅನಿಲಗಳ ಹೊನಲು ಬಂದಾಗ ಸತ್ತ 43 ಜನರಲ್ಲಿ ಅವರೂ ಇದ್ದರು. ಜ್ವಾಲಾಮುಖಿಯ ಅಪಾಯಗಳನ್ನು ತೋರಿಸಲೆಂದು ಅವರು ಸಿದ್ಧಪಡಿಸಿದ್ದ ಚಿತ್ರವನ್ನು ಅದೇ ದಿನಗಳಲ್ಲಿ ಫಿಲಿಪೀನ್ಸ್‌ನ ಪಿನಾತುಬೊ ಸುತ್ತಲಿನ ಅಧಿಕಾರಿಗಳಿಗೂ ಜನರಿಗೂ ತೋರಿಸಲಾಯಿತು. ಜೂನ್ 15ರ ಮಹಾಸ್ಫೋಟಕ್ಕೆ ಮುನ್ನ ಸಾವಿರಾರು ಜನರನ್ನು ತೆರವು ಮಾಡಿಸುವಲ್ಲಿ ಅದರ ಪಾತ್ರವೂ ಇತ್ತು. ಅವರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರು ತೆಗೆದುಕೊಂಡ ಅಪಾಯದ ಫಲ ಅಪರಿಚಿತರಿಗೆ ಸಂದಿತು, ಆ ಅಪಾಯ ಎಂಥದೆಂದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸೂರ್ಯೋದಯದ ಫೋಟೊಕ್ಕಾಗಿ ಹೋಗುವ ನಾವು ಅವರ ಹೆಸರಿನ ಹಿಂದೆ ನಿಲ್ಲುವುದು ಸಲ್ಲದು.

ಇನ್ನೊಂದು ಆಕ್ಷೇಪ ಹೊಟ್ಟೆಪಾಡಿನದು, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಬೆಟ್ಟ ಮುಚ್ಚಿದರೆ ಸೆಂಬಾಲುನ್, ಸೆನಾರುಗಳ ಒಲೆ ಉರಿಯುವುದು ಹೇಗೆ? ಮಳೆಗಾಲವೆಂದು ಜನವರಿಯಿಂದ ಮಾರ್ಚ್‌ವರೆಗೆ ರಿಂಜಾನಿ ಹೇಗೂ ಮುಚ್ಚಿರುತ್ತದೆ; ಉಳಿದ ತಿಂಗಳ ದುಡಿಮೆಯೇ ವರ್ಷದ ಅನ್ನ. ಹೋಗಬೇಡಿ ಎಂದು ದೂರದಲ್ಲಿ ಕೂತು ಹೇಳುವುದು ಸುಲಭ, ಅದರ ಬೆಲೆ ತೆರುವವರು ಅಲ್ಲಿಯವರು. ಜ್ವಾಲಾಮುಖಿಯ ಮಗ್ಗುಲಲ್ಲಿ ಮಲಗಿ ಏಳುವವರಿಗೆ ನಾವು ಅಪಾಯದ ಪಾಠ ಹೇಳುವುದೂ ಅಧಿಕಪ್ರಸಂಗ. ಈ ಮಾತನ್ನು ಒಪ್ಪುತ್ತೇನೆ. ಹಾಗಾಗಿಯೇ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಪಾಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿಕೆಯಾಗುವುದಿಲ್ಲ. ಗ್ವಾಟೆಮಾಲಾದ ಫುಯೆಗೊ 2018ರ ಜೂನ್ 3ರಂದು ಸಿಡಿದಾಗ ಅದರ ತಪ್ಪಲಿನ ಗಾಲ್ಫ್ ರೆಸಾರ್ಟ್ ಒಂದು ಬೆಟ್ಟದ ಸುಳಿವು ಹಿಡಿದು ತನ್ನ ಅತಿಥಿಗಳನ್ನೂ ಸಿಬ್ಬಂದಿಯನ್ನೂ ಮೊದಲೇ ಹೊರಗೆ ಕಳಿಸಿತು. ಅದೇ ತಪ್ಪಲಿನ ಸಾನ್ ಮಿಗೆಲ್ ಲೋಸ್ ಲೋತೆಸ್ ಹಳ್ಳಿಗೆ ಸಮಯಕ್ಕೆ ಸರಿಯಾಗಿ ಯಾರೂ ಎದ್ದು ಹೋಗಿ ಎನ್ನಲಿಲ್ಲ. ಹಳ್ಳಿ ಬೂದಿಯಡಿ ಹೂತುಹೋಯಿತು, ನೂರಾರು ಜನ ಸತ್ತರು ಅಥವಾ ಕಾಣೆಯಾದರು. ಹಣವಿದ್ದ ಕಡೆ ಬೇಡ ಎನ್ನುವ ಅಧಿಕಾರವೂ ಇತ್ತು, ಹೊರಟುಹೋಗಲು ವಾಹನವೂ ಇತ್ತು. ಹೊಟ್ಟೆಪಾಡಿನ ವಾದವನ್ನು ನಿಜಕ್ಕೂ ಗೌರವಿಸುವವರು ಆ ಅಧಿಕಾರವನ್ನು ಗೈಡ್, ಹೊರೆಯಾಳುಗಳಿಗೂ ಕೊಳ್ಳುವಷ್ಟು ಹಣವನ್ನು ತಮ್ಮ ಬಜೆಟ್‌ನಲ್ಲಿ ಇಡಬೇಕು.

ಅದು ಅಷ್ಟು ದುಬಾರಿಯೂ ಅಲ್ಲ. ಮೂರು ದಿನದ ಚಾರಣಕ್ಕೆ ಐದು ದಿನ ಇಟ್ಟುಕೊಳ್ಳಿ. ಮರುದಿನವೇ ವಿಮಾನ ಹಿಡಿಯಬೇಕಾದ ತಂಡದಲ್ಲಿ ಯಾರ ವಿವೇಕವೂ ನೆಟ್ಟಗಿರುವುದಿಲ್ಲ. ಶಿಖರ ಮುಟ್ಟಲಿ ಬಿಡಲಿ, ಗೈಡ್‌ಗೂ ಹೊರೆಯಾಳುಗಳಿಗೂ ಪೂರ್ತಿ ಕೂಲಿ ಸಲ್ಲುತ್ತದೆ ಎಂದು ಅಡ್ವಾನ್ಸ್ ಕಟ್ಟುವ ಮೊದಲೇ ಸಂಸ್ಥೆಯಿಂದ ಬರೆಸಿಕೊಳ್ಳಿ, ಮೊದಲ ರಾತ್ರಿಯ ಬಿಡಾರದಲ್ಲಿ ಅದನ್ನು ಅವರೆದುರಿಗೇ ಹೇಳಿ. ಹೆಲ್ಮೆಟ್, ಮುಖಗವಸುಗಳನ್ನು ತಂಡದ ಎಲ್ಲರ ತಲೆ ಎಣಿಸಿ ತರಿಸಿ. ವಿಮೆಯ ಷರತ್ತಿನಲ್ಲಿ ಎತ್ತರದ ಮಿತಿ ಎಷ್ಟಿದೆ ನೋಡಿ. ಹೊರೆಯಾಳುಗಳಿಗೆ ವಿಮೆ ಇದೆಯೇ ಎಂದೂ ಕೇಳಿ. ಇಂಡೊನೇಷ್ಯಾದ ನಾಲ್ಕು ಹಂತದ ಎಚ್ಚರಿಕೆಯನ್ನು ಜ್ವಾಲಾಮುಖಿ ಇಲಾಖೆಯ ಪ್ರಕಟಣೆಯಲ್ಲೇ ಓದಿ, ಚಾರಣ ಸಂಸ್ಥೆಯ ಬಾಯಿಮಾತಿನಲ್ಲಲ್ಲ. ಹಂತದ ಸಂಖ್ಯೆಗಿಂತ ಅದರ ಜೊತೆ ಬರೆದಿರುವ ಕಿಲೋಮೀಟರಿನ ಗಡಿ ಮುಖ್ಯ. ಅಗ್ಗದ ಚಳಿ ಉಡುಪು ನೆಚ್ಚಬೇಡಿ: 2017ರ ಜನವರಿಯಲ್ಲಿ ಗ್ವಾಟೆಮಾಲಾದ ಅಕಾತೆನಾಂಗೊದಲ್ಲಿ ಸತ್ತ ಆರು ಜನರನ್ನು ಕೊಂದದ್ದು ಬೆಂಕಿಯಲ್ಲ, ಚಳಿ.

ಆ ಅಕಾತೆನಾಂಗೊದ ಬಿಡಾರಗಳಿಂದ ಎದುರಿನ ಫುಯೆಗೊ ಕೆಂಪಗೆ ಸಿಡಿಯುವುದು ರಾತ್ರಿಯಿಡೀ ಕಾಣುತ್ತದೆ. ಇನ್ನೂ ಹತ್ತಿರ ಬೇಕೆನ್ನುವವರನ್ನು ಹೆಚ್ಚುವರಿ ಹಣ ಪಡೆದು ಫುಯೆಗೊದ ಏಣಿನವರೆಗೆ ಕರೆದೊಯ್ಯುವ ಗೈಡ್‌ಗಳಿದ್ದಾರೆ. ಆ ನಡಿಗೆಯನ್ನು ಯೋಜನೆಯಿಂದ ತೆಗೆದುಹಾಕಿ. ಅದಕ್ಕೆಂದು ಎತ್ತಿಟ್ಟ ಹಣವನ್ನು, ಬಿಡಾರದಲ್ಲಿ ಸುಮ್ಮನೆ ಕಾಯಬೇಕಾಗಿ ಬರುವ ದಿನದ ಕೂಲಿಗೆ ಸೇರಿಸಿ.