ಎಂಜಿನಿಯರಿಂಗ್ ಪದವಿಯಲ್ಲಿ ಆಯ್ಕೆಯ ಸ್ಥಾನ

ಎಂಜಿನಿಯರಿಂಗ್ ಪದವಿ ಒಂದೇ ಶಾಖೆಯ ಗೋಡೆಯೊಳಗೆ ಮುಗಿಯಬಾರದು, ವಿದ್ಯಾರ್ಥಿಗೆ ಬೇರೆ ಶಾಖೆಗಳ ವಿಷಯಗಳನ್ನೂ ಆಯ್ದು ಓದುವ ಅವಕಾಶವಿರಬೇಕು ಎಂಬ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಬಹುತೇಕ ಸರ್ವಸಮ್ಮತವಾಗಿದೆ. ಅದಕ್ಕೂ ಮುಂಚೆ, 2018ರಲ್ಲೇ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ತನ್ನ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷದ ಪದವಿಯ ಭಾರವನ್ನು 160 ಕ್ರೆಡಿಟ್‌ಗಳಿಗೆ ಇಳಿಸಿತ್ತು. ಕ್ರೆಡಿಟ್ ಎಂದರೆ ಕಲಿಕೆಯ ಅಳತೆ: ಒಂದು ಸೆಮಿಸ್ಟರ್ ಉದ್ದಕ್ಕೂ ವಾರಕ್ಕೆ ಒಂದು ತಾಸಿನ ಪಾಠ, ಇಲ್ಲವೆ ಎರಡು ತಾಸಿನ ಪ್ರಯೋಗ. ಇದರ ಮೇಲೆ 18ರಿಂದ 20 ಕ್ರೆಡಿಟ್‌ಗಳನ್ನು ಬೇರೆ ಶಾಖೆಯಲ್ಲಿ ಗಳಿಸಿದವರಿಗೆ ‘ಮೈನರ್’ ಎಂಬ ಉಪಪದವಿಯೂ ದೊರೆಯುತ್ತದೆ. ನಿಯಮ ಅವಕಾಶ ಕೊಟ್ಟಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಅವಕಾಶವನ್ನು ಯಾರು, ಯಾವಾಗ, ಯಾವುದರ ಸುತ್ತ ಜೋಡಿಸಬೇಕೆಂಬುದು ಇನ್ನೂ ತೀರ್ಮಾನವಾಗದ ಪ್ರಶ್ನೆ, ಮತ್ತು ಅದಕ್ಕೆ ಬೆಂಗಳೂರಿನಲ್ಲಿ ಹೊಳೆಯುವ ಉತ್ತರ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಗೆ ಒಗ್ಗುವುದಿಲ್ಲ.

ಈ ಭಾಗದಲ್ಲಿ ಕಾಲೇಜುಗಳ ಕೊರತೆ ಈಗ ಮೊದಲಿನಷ್ಟಿಲ್ಲ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಷ್ಟು ಹಳೆಯದು. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ, 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಎಂಜಿನಿಯರಿಂಗ್ ನಿಕಾಯವಿದೆ. ಸಂವಿಧಾನದ 371(ಜೆ) ವಿಧಿಯಡಿ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಸೀಟುಗಳು ಮೀಸಲಾಗಿವೆ. ಹೀಗೆ ಬಾಗಿಲು ತೆರೆದ ಮೇಲೆ ಒಳಗೆ ಬರುವವರಲ್ಲಿ ಮನೆಯ ಮೊದಲ ಪದವೀಧರರಾಗಲಿರುವವರೂ ಇರುತ್ತಾರೆ. ಕೊಳಕೂರದಂಥ ಹಳ್ಳಿಯಿಂದ ಬಂದ ಅಂಥ ವಿದ್ಯಾರ್ಥಿಯ ಕೈಗೆ ಐವತ್ತು ಐಚ್ಛಿಕ ವಿಷಯಗಳ ಪಟ್ಟಿಯನ್ನು ಕೊಟ್ಟು ‘ಆರಿಸಿಕೋ’ ಎಂದರೆ, ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇಲ್ಲದ ಆ ವಿದ್ಯಾರ್ಥಿ ಹಿರಿಯ ಸಹಪಾಠಿಗಳ ಬಾಯಿಮಾತನ್ನು ನಂಬಿ ಸುಲಭವಾಗಿ ಪಾಸಾಗುವ ವಿಷಯದತ್ತ ವಾಲುವುದೇ ಹೆಚ್ಚು. ಅಷ್ಟಾಗಿಯೂ ಸಾಕಷ್ಟು ವಿದ್ಯಾರ್ಥಿಗಳು ಸೇರದ ವಿಷಯವನ್ನು ಸಣ್ಣ ಕಾಲೇಜು ನಡೆಸಲಾರದ್ದರಿಂದ, ಪಟ್ಟಿಯಲ್ಲಿ ಐವತ್ತಿದ್ದರೂ ತರಗತಿಯಲ್ಲಿ ಉಳಿಯುವುದು ನಾಲ್ಕೈದು ಮಾತ್ರ. ಆದ್ದರಿಂದ ನಮ್ಯತೆಯ ಹೊಣೆಯನ್ನು ವಿದ್ಯಾರ್ಥಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆಯ್ಕೆಗಳು ಕಡಿಮೆಯಿರಲಿ, ಆದರೆ ಒಂದೊಂದನ್ನೂ ಸಂಸ್ಥೆಯೇ ಮುಂಚಿತವಾಗಿ ಯೋಚಿಸಿ ಕಟ್ಟಿರಲಿ.

ಹಾಗೆ ಕಟ್ಟಲು ಬೇಕಾದ ವಸ್ತು ಊರ ಸುತ್ತಲೇ ಇದೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯನ್ನೇ ನೋಡಬಹುದು. ತೊಗರಿ ಕಾಳಿನ ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ಅಂಟಿನ ತೆಳುಪದರವೊಂದಿದ್ದು, ಅದು ಸಡಿಲವಾಗದೆ ಸಿಪ್ಪೆ ಬಿಡುವುದಿಲ್ಲ. ಸಾಂಪ್ರದಾಯಿಕ ಮಿಲ್ಲಿನಲ್ಲಿ ಮೊದಲು ಕಾಳಿನ ಮೈಯನ್ನು ಎಮರಿ ರೋಲರಿನಲ್ಲಿ ತರಚಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಅಂಗಳದಲ್ಲಿ ಹರಡಿ ಬಿಸಿಲಿಗೆ ಒಣಗಿಸುತ್ತಾರೆ. ಮೋಡ ಕವಿದರೆ ಕೆಲಸ ನಿಲ್ಲುತ್ತದೆ, ಅಂಟು ಸರಿಯಾಗಿ ಬಿಡದಿದ್ದರೆ ಬೇಳೆಯ ಒಂದು ಪಾಲು ನುಚ್ಚಾಗಿ, ಹಿಟ್ಟಾಗಿ ನಷ್ಟವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಬಿಸಿಲಿನ ಬದಲು ಬಿಸಿಗಾಳಿಯಿಂದ ಕಾಳನ್ನು ಹದಗೊಳಿಸುವ ವಿಧಾನವನ್ನು ರೂಪಿಸಿದ್ದು ಈ ತೊಡಕನ್ನು ದಾಟುವುದಕ್ಕಾಗಿಯೇ. ಈ ಒಂದು ಕೆಲಸದಲ್ಲಿ ಅಂಟಿನ ರಸಾಯನಶಾಸ್ತ್ರ, ಒಣಗುವಿಕೆಯ ಉಷ್ಣಶಾಸ್ತ್ರ, ರೋಲರಿನ ಯಂತ್ರಶಾಸ್ತ್ರ, ಮೋಟಾರಿನ ವಿದ್ಯುತ್ತು, ತೇವಾಂಶ ಅಳೆಯುವ ಸಂವೇದಕ ಎಲ್ಲವೂ ಸೇರಿವೆ; ಇವುಗಳಲ್ಲಿ ಯಾವ ಶಾಖೆಯೂ ಒಂಟಿಯಾಗಿ ಸಮಸ್ಯೆಯನ್ನು ಬಿಡಿಸಲಾರದು.

ಎರೆಭೂಮಿಯ ವಿಷಯವೂ ಇಂಥದೇ. ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಬಿರುಕುಬಿಡುವ ಈ ಮಣ್ಣಿನ ಮೇಲೆ ಅಡಿಪಾಯ ಹಾಕುವವರಿಗೆ ಜೇಡಿಯ ಖನಿಜಗುಣ ತಿಳಿದಿರಬೇಕು. 2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಭೀಮೆಯಲ್ಲಿ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದಾಗ ಬೇಕಾಗಿದ್ದುದು ಜಲವಿಜ್ಞಾನವೂ ಹೌದು, ಮುನ್ಸೂಚನೆಯ ಗಣಕವಿದ್ಯೆಯೂ ಹೌದು.

ಆದರೆ ಸಮಸ್ಯೆ ಬಹುಶಾಖೆಯದು ಎಂದ ಮಾತ್ರಕ್ಕೆ ಮೊದಲ ದಿನದಿಂದಲೇ ಎಲ್ಲ ಶಾಖೆಗಳನ್ನೂ ಸ್ವಲ್ಪಸ್ವಲ್ಪ ಉಣಬಡಿಸುವುದು ತಪ್ಪು. ಒಣಗುವಿಕೆಯನ್ನು ಲೆಕ್ಕ ಹಾಕಲು ಉಷ್ಣ ವರ್ಗಾವಣೆ ಗೊತ್ತಿರಬೇಕು, ಅದಕ್ಕೆ ಮುಂಚೆ ಉಷ್ಣಬಲವಿಜ್ಞಾನ, ಅದಕ್ಕೂ ಮುಂಚೆ ಅವಕಲ ಸಮೀಕರಣಗಳು. ಪೂರ್ವಾಪೇಕ್ಷಿತ ವಿಷಯಗಳ ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಐದನೆಯ ಸೆಮಿಸ್ಟರಿನ ಐಚ್ಛಿಕ ವಿಷಯ ಬರೀ ಕಂಠಪಾಠವಾಗುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲರೂ ಮೊದಲ ಎರಡು ವರ್ಷ ಒಂದೇ ಸಾಮಾನ್ಯ ಪಠ್ಯವನ್ನು ಓದಿ, ಅನಂತರವೇ ವಿಶೇಷ ಶಾಖೆಯನ್ನು ಆರಿಸಿಕೊಳ್ಳುವುದರ ಹಿಂದಿನ ತರ್ಕ ಇಲ್ಲಿಗೂ ಸಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಮೊದಲ ಮೂರು ಸೆಮಿಸ್ಟರು ಎಲ್ಲರಿಗೂ ಸಮಾನವಾದ, ಆಯ್ಕೆಯಿಲ್ಲದ ಗಟ್ಟಿ ತಳಹದಿ ಇರಲಿ. ನಾಲ್ಕರಿಂದ ಒಂದು ಮುಖ್ಯ ಶಾಖೆಯ ಆಳ. ಐದರಿಂದ ಆ ಶಾಖೆಯ ಜೊತೆಗೆ ಧಾನ್ಯ ಸಂಸ್ಕರಣೆ, ಮಣ್ಣು ಮತ್ತು ನೀರು, ಇಲ್ಲವೆ ವಿದ್ಯುತ್ತು ಮತ್ತು ಸಂವೇದಕ ಎಂಬ ಎರಡು ಮೂರು ಹಾದಿಗಳಲ್ಲಿ ಒಂದು. ಕೊನೆಗೆ ಆ ಹಾದಿಯದೇ ಯೋಜನಾಕಾರ್ಯ. ಆಯ್ಕೆಯ ಕ್ಷಣ ತಡವಾಗಿ ಬರುವುದರಿಂದ ವಿದ್ಯಾರ್ಥಿ ಏನನ್ನು ಆರಿಸುತ್ತಿರುವೆನೆಂದು ತಿಳಿದೇ ಆರಿಸುತ್ತಾನೆ ಅಥವಾ ಆರಿಸುತ್ತಾಳೆ.

ಹೀಗೆ ಕಲಿತವರು ಎಲ್ಲವನ್ನೂ ಬಲ್ಲ, ಯಾವುದನ್ನೂ ಪೂರ್ತಿ ಅರಿಯದ ಎಂಜಿನಿಯರರಾಗುತ್ತಾರೆಂಬ ಆಕ್ಷೇಪ ಹಗುರವಾದುದಲ್ಲ. ಅದಕ್ಕೆ ಉತ್ತರ ಮುಖ್ಯ ಶಾಖೆಯನ್ನು ಬಿಡದಿರುವುದು. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳಲ್ಲಿ ಯಂತ್ರವಿದ್ಯೆ ಇತ್ತು, ಆದರೆ ಅದು ನೀರಿನ ವರ್ತನೆಯನ್ನು ಆಳವಾಗಿ ಬಲ್ಲ ಸಿವಿಲ್ ಎಂಜಿನಿಯರರ ಯಂತ್ರವಿದ್ಯೆ. ಇನ್ನೊಂದು ಆಕ್ಷೇಪ ಹೊಟ್ಟೆಪಾಡಿನದು ಮತ್ತು ಹೆಚ್ಚು ಕಠಿಣವಾದುದು. ಲೋಕೋಪಯೋಗಿ ಇಲಾಖೆಯ ಸಹಾಯಕ ಎಂಜಿನಿಯರ್ ಹುದ್ದೆಗೆ ಸಿವಿಲ್ ಪದವಿ ಬೇಕೆಂದು ನೇಮಕಾತಿ ನಿಯಮ ಹೆಸರಿಟ್ಟು ಹೇಳುವಾಗ, ‘ಅಂತರಶಿಸ್ತೀಯ ಎಂಜಿನಿಯರಿಂಗ್’ ಎಂದಷ್ಟೇ ಬರೆದ ಪ್ರಮಾಣಪತ್ರ ಹಿಡಿದವರು ಅರ್ಜಿಯ ಹಂತದಲ್ಲೇ ಹೊರಗುಳಿಯುವ ಅಪಾಯವಿದೆ. ಸರ್ಕಾರಿ ನೌಕರಿಯೇ ದೊಡ್ಡ ಆಸರೆಯಾಗಿರುವ ಈ ತಾಲೂಕುಗಳಲ್ಲಿ ಆ ಅಪಾಯವನ್ನು ಹದಿನೆಂಟರ ಹರೆಯದವರ ತಲೆಗೆ ಕಟ್ಟುವ ಹಕ್ಕು ಯಾವ ಪಠ್ಯಕ್ರಮ ಸಮಿತಿಗೂ ಇಲ್ಲ. ಪದವಿಯ ಹೆಸರಿನಲ್ಲಿ ಮುಖ್ಯ ಶಾಖೆ ಉಳಿದು, ಆರಿಸಿಕೊಂಡ ಹಾದಿ ಮೈನರ್ ಆಗಿ ದಾಖಲಾಗಬೇಕು.

ಇನ್ನು ಬೋಧಕರ ಮಾತು. ಬೇಳೆ ಮಿಲ್ಲಿನ ವಿಷಯವನ್ನು ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ವಿಭಾಗದವರು ಒಟ್ಟಿಗೆ ಪಾಠ ಮಾಡಿದರೆ ಇಬ್ಬರ ತಾಸುಗಳೂ ಅವರವರ ಕಾರ್ಯಭಾರದಲ್ಲಿ ಪೂರ್ಣವಾಗಿ ಲೆಕ್ಕಕ್ಕೆ ಬರಬೇಕು. ಒಂದು ವಿಭಾಗಕ್ಕೆ ಮಾತ್ರ ಲೆಕ್ಕ ಸಿಗುವುದಾದರೆ ಇನ್ನೊಬ್ಬರು ಮೊದಲ ವರ್ಷದ ಉತ್ಸಾಹ ಇಳಿದೊಡನೆ ಹಿಂದೆ ಸರಿಯುತ್ತಾರೆ, ಮತ್ತು ಅವರನ್ನು ಅದಕ್ಕಾಗಿ ದೂರುವಂತಿಲ್ಲ.